ಕಡ್ಡಿಯ ತುಲಾಭಾರ

ನಮ್ಮತ್ತೆ ಗೌರಮ್ಮನವರು ದೇವರ ಜೊತೆ ಮಾತಾಡುವ ರೀತಿಗೂ ತರಕಾರಿ ಗಾಡಿಯವನ ಜೊತೆ ಮಾತಾಡುವ ರೀತಿಗೂ ಹೆಚ್ಚು ವ್ಯತ್ಯಾಸವಿಲ್ಲ. ಇಬ್ಬರನ್ನೂ ಗದರುತ್ತಾರೆ, ಇಬ್ಬರ ಹತ್ತಿರವೂ ಚೌಕಾಸಿ ಮಾಡುತ್ತಾರೆ. ಆದರೆ ತರಕಾರಿಯವನಿಗೆ ಕೊಟ್ಟ ಮಾತನ್ನು ಗಾಡಿ ತಿರುವು ದಾಟುವಷ್ಟರಲ್ಲಿ ಮರೆಯುತ್ತಾರೆ, ದೇವರಿಗೆ ಕೊಟ್ಟದ್ದನ್ನು ಪ್ರಾಣ ಹೋದರೂ ಬಿಡುವುದಿಲ್ಲ. ನಮ್ಮ ಮನೆಯ ನಾಯಿ ಕುಂಟುವ ಸ್ಥಿತಿಗೆ ಬಂದದ್ದು ಈ ಸದ್ಗುಣದಿಂದಲೇ.

ನಾನು ಧನಲಕ್ಷ್ಮಿ, ಈ ಮನೆಯ ಸೊಸೆ. ಹುಟ್ಟಿ ಬೆಳೆದದ್ದು ವಿದ್ಯಾರಣ್ಯಪುರದಲ್ಲಿ, ಬಸ್ಸಿನ ಸದ್ದು ಬಿಟ್ಟರೆ ಬೇರೆ ಗಲಾಟೆಯಿಲ್ಲದ ಬೀದಿಯಲ್ಲಿ. ಮದುವೆಯಾಗಿ ಮಾಕಳಿಗೆ ಬಂದಾಗ ಮನೆಯ ಹಿಂದೆ ಇನ್ನೂ ರಾಗಿ ಹೊಲವಿತ್ತು. ಈಗ ಆ ಹೊಲದಲ್ಲಿ ಬಾಡಿಗೆ ಮನೆಗಳು ಬೆಳೆದು ನಿಂತಿವೆ. ಮಾವ ಲಕ್ಕಣ್ಣನವರು ಬಾಡಿಗೆಯವರ ನೀರಿನ ಜಗಳ ತೀರಿಸುತ್ತಾರೆ, ನನ್ನ ಗಂಡ ಗಿರಿ ಸಿಮೆಂಟು ಕಬ್ಬಿಣದ ಅಂಗಡಿ ನೋಡಿಕೊಳ್ಳುತ್ತಾರೆ. ಇವರಿಬ್ಬರನ್ನೂ ನನ್ನನ್ನೂ ಅತ್ತೆ ನೋಡಿಕೊಳ್ಳುತ್ತಾರೆ, ಅಂದರೆ ಬೈಯುತ್ತಾರೆ.

ಮೂರು ವರ್ಷದ ಹಿಂದೆ, ಪಕ್ಕದ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯ ಮರಳು ಗುಡ್ಡೆಯ ಮೇಲೆ ಅತ್ತೆಗೆ ಒಂದು ನಾಯಿಮರಿ ಸಿಕ್ಕಿತು. ಅದರ ತಾಯಿ ತುಮಕೂರು ರಸ್ತೆ ದಾಟಲು ಹೋಗಿ ಲಾರಿಗೆ ಸಿಕ್ಕಿತ್ತು. ಮರಿಯ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು, ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿತ್ತು. "ಬಂದವ್ನೆ ನೋಡಪ್ಪ ಕಡ್ಡಿ ಪೈಲ್ವಾನ್" ಅಂದರು ಮಾವ. ಹೆಸರು ಅಲ್ಲೇ ನಿಂತುಬಿಟ್ಟಿತು.

ಅತ್ತೆ ಕಡ್ಡಿಗೆ ಒಂದು ಚೊಂಬು ಹಸುವಿನ ಹಾಲಿಗೆ ತುಪ್ಪ ಬಿಟ್ಟು ಕುಡಿಸಿದರು. ಬಾಣಂತಿಯನ್ನೇ ಎಬ್ಬಿಸಿ ಕೂರಿಸುವ ತುಪ್ಪ ನಾಯಿಮರಿಯನ್ನು ಎಬ್ಬಿಸುವುದಿಲ್ಲವೇ ಎಂಬುದು ಅವರ ಲೆಕ್ಕ. ಮಾರನೆಯ ಬೆಳಿಗ್ಗೆ ಮರಿ ಭೇದಿಯಾಗಿ ತಲೆ ಎತ್ತಲಾರದೆ ಬಿದ್ದುಕೊಂಡಿತ್ತು. ನಾನು ಸ್ಕೂಟರ್ ತೆಗೆದೆ. ಅತ್ತೆ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದೆ ಕುಳಿತರು. ನಾಗಸಂದ್ರದ ಮೆಟ್ರೋ ಸ್ಟೇಷನ್ ಹಿಂದೆ ನಂದಿತಾ ಎಂಬ ಪ್ರಾಣಿಗಳ ಡಾಕ್ಟರ ಕ್ಲಿನಿಕ್ಕಿದೆ, ಅಲ್ಲಿಗೆ ಹೋದೆವು.

"ಅಮ್ಮ, ಹೊಟ್ಟೆ ತುಂಬ ಹುಳ ಇದೆ. ನೀವು ಹಾಕಿದ್ದನ್ನೆಲ್ಲ ಅವೇ ತಿಂತಿವೆ" ಅಂದರು ಡಾಕ್ಟರು. "ಹುಳಕ್ಕೆ ಔಷಧಿ ಕೊಡ್ತೀನಿ. ಹಾಲು ನಿಲ್ಸಿ. ಒಂದೇ ಸಲ ಜಾಸ್ತಿ ಹಾಕ್ಬೇಡಿ. ಮೆತ್ತಗೆ ಬೇಯಿಸಿದ ಅನ್ನ, ಚಿಕನ್, ಮರಿಗಳಿಗೆ ಅಂತಲೇ ಬರೋ ಫುಡ್ ನೆನೆಸಿ, ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕೈದು ಸಲ."

"ಉಳೀತದಾ ಡಾಕ್ಟ್ರಮ್ಮ?"

"ನೋಡೋಣ ಅಮ್ಮ. ಎರಡು ಕೆಜಿನೂ ಇಲ್ಲ ಇದು."

'ನೋಡೋಣ' ಎಂಬ ಮಾತನ್ನು ಅತ್ತೆ ಯಾರಿಂದಲೂ ಒಪ್ಪಿಕೊಳ್ಳುವವರಲ್ಲ. ವಾಪಸ್ಸು ಬರುವಾಗ ಸ್ಕೂಟರನ್ನು ಊರಾಚೆಯ ಭೈರವೇಶ್ವರನ ಗುಡಿಗೆ ತಿರುಗಿಸಲು ಹೇಳಿದರು. ಮರಿಯನ್ನು ಹೊಸ್ತಿಲ ಹತ್ತಿರ ಮಲಗಿಸಿ, ಒಳಗಿದ್ದ ಪೂಜಾರಿ ಬ್ಯಾಟರಾಯಪ್ಪನವರಿಗೂ ಕೇಳಿಸುವಂತೆ ಹೇಳಿದರು: "ಬೈರಪ್ಪಾ, ನಾಯಿ ಅಂದ್ರೆ ನಿನ್ ವಾಹನ. ನಿನ್ ಮನೇದನ್ನ ನಿಂಗೇ ಒಪ್ಸೀವ್ನಿ. ಇದು ಉಳ್ಕಂಡು ಮೈ ತುಂಬ್ಕಂಡ್ರೆ ಇದ್ರ ತೂಕದಷ್ಟು ಬೆಲ್ಲ ಕೊಡ್ತೀನಿ. ತುಲಾಬಾರ ಮಾಡುಸ್ತೀನಿ. ಕೇಳುಸ್ತಾ?"

ದೇವರಿಗೆ ಕೇಳಿಸಿತು. ಡಾಕ್ಟರ ಔಷಧಿಗೂ ಕೇಳಿಸಿರಬೇಕು. ನಾನು ಗಡಿಯಾರ ನೋಡಿಕೊಂಡು ಪುಟ್ಟ ಬಟ್ಟಲಲ್ಲಿ ಊಟ ಹಾಕಿದೆ, ವಾರಕ್ಕೊಮ್ಮೆ ಕ್ಲಿನಿಕ್ಕಿನ ತಕ್ಕಡಿಯ ಮೇಲೆ ನಿಲ್ಲಿಸಿದೆ. ಗುಡಾಣ ಇಳಿಯಿತು, ಪಕ್ಕೆಲುಬುಗಳು ಒಳಗೆ ಸರಿದವು, ಬಾಲ ತಾನಾಗಿಯೇ ಮೇಲೆದ್ದಿತು. ಆರು ತಿಂಗಳಾಗುವಷ್ಟರಲ್ಲಿ ಕಡ್ಡಿ ನಮ್ಮ ಬೀದಿಯ ಬೆಕ್ಕುಗಳನ್ನೆಲ್ಲ ನಿದ್ದೆಗೆಡಿಸುವಂತಾಗಿದ್ದ. "ಸೂಪರ್! ಇದೇ ಅಳತೆ ಇಟ್ಕೊಳ್ಳಿ" ಅಂದರು ಡಾಕ್ಟರು.

ಆಗಲೇ ಹರಕೆ ತೀರಿಸಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಬಿಡ ಅನ್ನುತ್ತಾರಲ್ಲ, ಹಾಗಾಯಿತು. ಅಷ್ಟರಲ್ಲಿ ಗುಡಿಯ ಜೀರ್ಣೋದ್ಧಾರ ಶುರುವಾಗಿ ಭೈರವೇಶ್ವರ ಪಕ್ಕದ ತಗಡಿನ ಶೆಡ್ಡಿಗೆ ವಾಸ ಬದಲಾಯಿಸಿದ್ದ.

"ಗೌರಕ್ಕ, ಅವಪ್ಪನೇ ಬಾಡಿಗೆ ಮನೇಲವ್ನೆ. ಇವಾಗ ಹರಕೆ ಗಿರಕೆ ತಗಳಂಗಿಲ್ಲ" ಅಂದರು ಬ್ಯಾಟರಾಯಪ್ಪ. "ಗುಡಿ ಎದ್ದು ಪ್ರತಿಷ್ಠಾಪನೆ ಆಗ್ಲಿ. ನಿಂದೇ ಮೊದಲ್ನೇ ತುಲಾಬಾರ."

ಆರು ತಿಂಗಳ ಕೆಲಸ ಎಂದಿದ್ದರು. ಒಮ್ಮೆ ಕಲ್ಲು ಬರಲಿಲ್ಲ, ಒಮ್ಮೆ ಶಿಲ್ಪಿ ಬರಲಿಲ್ಲ, ಇಬ್ಬರೂ ಬಂದಾಗ ಗುಡಿ ಕಮಿಟಿಯವರು ಮಾತು ಬಿಟ್ಟಿದ್ದರು. ಎರಡು ವರ್ಷ ಕಳೆಯಿತು. ಈ ಎರಡು ವರ್ಷವೂ ಕಡ್ಡಿಯ ಊಟ ಅತ್ತೆಯ ಕೈಗೆ ಹೋಯಿತು. ಅವರು ಹೇಳಿದ ಮಾತು 'ಮೈ ತುಂಬಿಕೊಂಡರೆ' ಎಂದು ತಾನೇ? ಹರಕೆಯ ದಿನ ಮೈ ತುಂಬಿಲ್ಲದಿದ್ದರೆ ದೇವರ ಮುಂದೆ ಮಾತು ತಪ್ಪಿದ ಹಾಗೆ. ಆದ್ದರಿಂದ ಬೆಳಿಗ್ಗೆ ಕಡ್ಡಿಗೆ ಒಂದು ಮುದ್ದೆ, ಹಾಲನ್ನ. ಮಧ್ಯಾಹ್ನ ಮನೆಯವರ ಊಟದ ಜೊತೆ ಅವನದೂ ಊಟ. ಸಂಜೆ ಮಾವನ ಕಾಫಿಯ ಜೊತೆ ರಸ್ಕು. ರಾತ್ರಿ ಅನ್ನ, ಬಾಡೂಟವಿದ್ದರೆ ಬಾಡು. ಮಧ್ಯೆ ಮಧ್ಯೆ, "ಪಾಪ, ನೋಡ್ತಾ ಕುಂತೈತೆ" ಎಂದು ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಕಡ್ಡಿ ಹುಟ್ಟಿನಿಂದ ನೋಡುತ್ತಾ ಕೂರುವುದರಲ್ಲಿ ನಿಸ್ಸೀಮ.

ಊರಿನವರು ಬೇರೆ. ನಮ್ಮ ಕಡೆ ಹಟ್ಟಿಯ ನಾಯಿ ನೋಡಿ ಮನೆಯ ಅನುಕೂಲ ಅಳೆಯುವವರಿದ್ದಾರೆ. ಬಂದವರು ಕಡ್ಡಿಯ ಬೆನ್ನು ತಟ್ಟಿ, "ಏನ್ ಗೌರಕ್ಕ, ಕರು ಇದ್ದಂಗೈತೆ" ಅಂದರೆ ಅತ್ತೆಯ ಮುಖ ಊರಗಲ. ನಾನು ಬಾಯಿ ಬಿಟ್ಟರೆ "ನಿಂದೇನು ಗಂಟೋಯ್ತದೆ?" ಅನ್ನುತ್ತಿದ್ದರು.

ಕಳೆದ ಆಷಾಢದಲ್ಲಿ ಕಡ್ಡಿ ಜಗಲಿಯಿಂದ ಇಳಿಯುವಾಗ ಕುಂಯ್ ಎಂದ. ಬಲಗಡೆಯ ಹಿಂಗಾಲು ಎತ್ತಿಕೊಂಡೇ ಒಳಗೆ ಬಂದ. ಮಾರನೆಯ ದಿನವೂ ಅದನ್ನು ನೆಲಕ್ಕೆ ಊರಲಿಲ್ಲ. ಅತ್ತೆಯನ್ನೂ ಕೂರಿಸಿಕೊಂಡು ನನ್ನ ಗಂಡನ ಅಂಗಡಿಯ ಗಾಡಿಯಲ್ಲಿ ಅವನನ್ನು ನಾಗಸಂದ್ರಕ್ಕೆ ಕರೆದುಕೊಂಡು ಹೋದೆವು.

ನಂದಿತಾ ಡಾಕ್ಟರು ಕಡ್ಡಿಯನ್ನು ತಲೆಯಿಂದ ಬಾಲದ ತನಕ ನೋಡಿದರು. "ಇದು ಅದೇ ಮರೀನಾ?" ಅಂದರು. ತಕ್ಕಡಿ ಮೂವತ್ತೊಂದು ಕೆಜಿ ತೋರಿಸಿತು.

"ಇವನ ಎತ್ತರಕ್ಕೆ ಇಪ್ಪತ್ತರ ಹತ್ರ ಇರ್ಬೇಕು. ಹನ್ನೊಂದು ಕೆಜಿ ಜಾಸ್ತಿ ಹೊತ್ಕೊಂಡು ಓಡಾಡ್ತಿದಾನೆ. ಮಂಡಿಯ ನರ ಎಳೆದಿದೆ. ಅಮ್ಮ, ನಿಮ್ಮ ಕೈ ಕೊಡಿ." ಅತ್ತೆಯ ಬೆರಳುಗಳನ್ನು ಹಿಡಿದು ಅವರದೇ ಇನ್ನೊಂದು ಕೈಯ ಹಿಂಬದಿಯ ಮೇಲೆ ಆಡಿಸಿದರು. "ಮೂಳೆ ಸಿಗ್ತಿದೆ ಅಲ್ವಾ? ನಾಯಿ ಪಕ್ಕೆ ಮುಟ್ಟಿದ್ರೆ ಹೀಗಿರ್ಬೇಕು. ಕೈಗೆ ಸಿಗ್ಬೇಕು, ಕಣ್ಣಿಗೆ ಕಾಣ್ಬಾರ್ದು. ಈಗ ಇವನ್ನ ಮುಟ್ಟಿ ನೋಡಿ."

ಅತ್ತೆ ಮುಟ್ಟಿ ನೋಡಿದರು. ಮುಖದಲ್ಲಿ ಹೆಮ್ಮೆ ಬಿಟ್ಟು ಬೇರೇನೂ ಕಾಣಲಿಲ್ಲ.

"ಇವತ್ತಿಂದಲೇ ಇಳಿಸ್ಬೇಕು. ನಿಧಾನವಾಗಿ, ಆರೇಳು ತಿಂಗಳು ಹಿಡಿಯುತ್ತೆ. ಇಲ್ದಿದ್ರೆ ಆ ಕಾಲಿನ ಭಾರ ಈ ಕಾಲಿಗೆ ಬಿದ್ದು ಇದೂ ಹೋಗುತ್ತೆ. ಆಮೇಲೆ ನಾಯಿ ಏಳೋದೇ ಇಲ್ಲ."

ಡಾಕ್ಟರ ಮುಂದೆ ಅತ್ತೆ ತಲೆಯಾಡಿಸಿದರು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ತೀರ್ಪು ಕೊಟ್ಟರು: "ಮಾಗದಲ್ಲಿ ಪ್ರತಿಷ್ಠಾಪನೆ. ತುಲಾಬಾರ ಆಗ್ಲಿ. ಆಮ್ಯಾಕೆ ನಿಮ್ ಇಷ್ಟ."

"ಮಾಘಕ್ಕೆ ಇನ್ನೂ ಏಳು ತಿಂಗಳಿದೆ ಅತ್ತೆ. ಅಷ್ಟರಲ್ಲಿ ಅವನ ಕಾಲು ಹೋಗುತ್ತೆ."

"ಮೈ ಇಳಿಸ್ಬುಟ್ಟು ತೂಗ್ಸುದ್ರೆ ದ್ಯಾವ್ರು ಪಾಲು ಕದ್ದಂಗಲ್ವಾ? ಅವಪ್ಪ ಕಣ್ಣಿಲ್ದೋನಾ? ದಿನಾ ನೋಡ್ತಾವ್ನೆ ಇದನ್ನ."

"ದೇವರು ನಾಯಿಯ ಕೊಬ್ಬಿನ ಲೆಕ್ಕ ಇಡ್ತಾನಾ?"

"ಇಡ್ತಾನೆ! ಗಿರೀನ ನೋಡು!"

ನನ್ನ ಗಂಡನ ಕಥೆ ಆಗ ಹೊರಬಂತು. ಐದನೆಯ ವಯಸ್ಸಿನಲ್ಲಿ ಇವರಿಗೆ ಟೈಫಾಯ್ಡ್ ಆಗಿತ್ತಂತೆ. ಬಾಳೆಹಣ್ಣಿನ ತುಲಾಭಾರ ಮಾಡಿಸುತ್ತೇನೆಂದು ಅತ್ತೆ ಹರಕೆ ಹೊತ್ತರು. ಹುಡುಗ ಎದ್ದು ಕುಳಿತದ್ದೇ ತಡ, ಮಾವ ಅವಸರ ಮಾಡಿ ಅದೇ ವಾರ ತೂಗಿಸಿಬಿಟ್ಟರು. ಆಗ ಇವರ ಮೈಯಲ್ಲಿ ಮೂಳೆ ಬಿಟ್ಟು ಬೇರೆ ಇರಲಿಲ್ಲ. ಎರಡೇ ಗೊನೆಗೆ ತಕ್ಕಡಿ ಸಮವಾಯಿತು. ದೇವರು ತೂಗಿದ ಹದಕ್ಕೇ ಮನುಷ್ಯನನ್ನು ನಿಲ್ಲಿಸಿಬಿಡುತ್ತಾನೆ ಎಂಬುದು ಅತ್ತೆಯ ನಂಬಿಕೆ. ಅದಕ್ಕೇ ಇವರು ಇವತ್ತಿಗೂ ಮೂರು ಮುದ್ದೆ ನುಂಗಿದರೂ ಮೈ ಹಿಡಿಯದೆ ಪಂಚೆ ಒಣಹಾಕುವ ಗಳುವಿನಂತಿದ್ದಾರೆ.

"ಅಮ್ಮ, ಅದು ನಮ್ಮಪ್ಪನ ಮೈಕಟ್ಟು" ಅಂದರು ಇವರು.

"ನಿಮ್ಮಪ್ಪ ಅವಸರ ಮಾಡಿದ್ದು" ಅಂದರು ಅತ್ತೆ. ಮಾವ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಮಾವನವರನ್ನು ಯಾವ ದೇವರೂ ತೂಗಿಲ್ಲ, ಅವರೂ ಗಳುವೇ. ಈ ಮಾತನ್ನು ಹೇಳುವ ಧೈರ್ಯ ಆ ಹಜಾರದಲ್ಲಿ ಯಾರಿಗೂ ಇರಲಿಲ್ಲ. ಅತ್ತೆ ಹಿಡಿದ ಮೊಲಕ್ಕೆ ಮೂರೇ ಕಾಲು. ನನ್ನ ಸಂಕಟವೆಂದರೆ ನಮ್ಮ ನಾಯಿಗೂ ಈಗ ಅಷ್ಟೇ ಕಾಲು ಉಳಿದಿತ್ತು.

ನನಗೂ ಕೋಪ ಬಂತು. ಸುಮ್ಮನಿರುವ ಸೊಸೆ ನಾನಲ್ಲ. ಡಾಕ್ಟರು ಹೇಳಿದ ಅಳತೆಗೆ ಒಂದು ಸ್ಟೀಲ್ ಲೋಟ ಗೊತ್ತು ಮಾಡಿದೆ. ಬೆಳಿಗ್ಗೆ ಒಂದು ಲೋಟ ನಾಯಿ ಫುಡ್, ಸಂಜೆ ಒಂದು, ಜೊತೆಗೆ ಉಪ್ಪು ಈರುಳ್ಳಿ ಸೋಕಿಸದ ಬೇಯಿಸಿದ ಹುರುಳಿಕಾಯಿ, ಕುಂಬಳಕಾಯಿ.

"ಲೋಟದಾಗೆ ಅಳೆದು ಆಕ್ತೀಯಾ? ನಾಯಿಗೆ ಊಟನೋ ಔಸ್ತಿನೋ?" ಅಂದರು ಅತ್ತೆ.

"ಔಷಧಿನೇ ಅಂದ್ಕೊಳ್ಳಿ."

ಮೊದಲ ವಾರ ಕಡ್ಡಿ ಬಟ್ಟಲನ್ನು ನೆಕ್ಕಿ ನನ್ನತ್ತ ನೋಡುತ್ತಿದ್ದ. ಎರಡನೆಯ ವಾರ ಹುರುಳಿಕಾಯಿಯನ್ನು ಮೂಸಿ ಬಿಟ್ಟು ಹೋಗತೊಡಗಿದ. ಡಯಟ್ಟಿನಲ್ಲಿರುವ ನಾಯಿ ಊಟ ಬಿಡುತ್ತದೆಂದರೆ ಎಲ್ಲೋ ಎರಡನೆಯ ಅಡುಗೆಮನೆ ನಡೆಯುತ್ತಿದೆ ಎಂದರ್ಥ. ಹಿತ್ತಲಿಗೆ ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅತ್ತೆ ಕುಕ್ಕರಗಾಲಲ್ಲಿ ಕುಳಿತು, ಮುದ್ದೆಯನ್ನು ಗೋಲಿ ಗೋಲಿ ಮಾಡಿ ತುಪ್ಪದಲ್ಲಿ ಅದ್ದಿ ತಿನ್ನಿಸುತ್ತಿದ್ದರು.

"ಏನಿದು ಅತ್ತೆ?"

"ನಾನೆಲ್ಲಿ ಆಕ್ದೆ? ನಾನ್ ಉಣ್ತಾ ಇದ್ದೆ, ಅದೇ ಬಂದು ಬಾಯಾಕ್ತು."

ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಊಟ ಮಾಡುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಜಗಳವಾಯಿತು. ನಾನು ತುಪ್ಪದ ಡಬ್ಬಿಯನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ, ಅವರು ಎದುರು ಮನೆಯಿಂದ ತುಪ್ಪ ತಂದರು. ತಿಂಗಳ ಕೊನೆಗೆ ತೂಗಿಸಿದಾಗ ಕಡ್ಡಿ ಇಳಿದಿರಲಿಲ್ಲ, ಅರ್ಧ ಕೆಜಿ ಏರಿದ್ದ. ಡಾಕ್ಟರು ನನ್ನನ್ನೇ ಬೈದರು. ಮನೆಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅತ್ತೆಯ ಮೇಲಿನ ಸಿಟ್ಟಿಗೆ ಅಳು ಬಂದಿದ್ದಲ್ಲ. ಈ ನಾಯಿಯನ್ನು ನಾನೂ ಅಂಗೈಯಲ್ಲಿ ಹಿಡಿದು ಬದುಕಿಸಿದ್ದೆ, ಅದು ಕಣ್ಣೆದುರಿಗೇ ಕೂತಲ್ಲಿಂದ ಏಳದಂತಾಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ. ಅತ್ತೆ ಎಂದಿನಂತೆ ಬುಟ್ಟಿ ಹಿಡಿದು, ರಸ್ತೆಯ ಆಚೆ ಬದಿಯ ದಾಸವಾಳದ ಗಿಡದಿಂದ ಹೂ ಕೊಯ್ಯಲು ಹೊರಟರು. ಕಡ್ಡಿಯೂ ಹಿಂದೆಯೇ ಕುಂಟಿಕೊಂಡು ಹೊರಟ. ನಾನು ಒಳಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಲಾರಿಯ ಹಾರನ್ನು, ಅದು ನಿಲ್ಲುವುದೇ ಇಲ್ಲವೇನೋ ಎಂಬಂತೆ. ಅದರ ಮೇಲೆ ಅತ್ತೆಯ ಕೂಗು.

ಓಡಿ ಹೋದೆ. ಕಡ್ಡಿ ನಡುರಸ್ತೆಯಲ್ಲಿ ಕುಸಿದು ಕುಳಿತಿದ್ದ. ಚೆನ್ನಾಗಿದ್ದ ಹಿಂಗಾಲೂ ಮಡಚಿಕೊಂಡಿತ್ತು. ಏಳಲು ನೋಡುತ್ತಿದ್ದ, ಹಿಂಭಾಗ ಬರುತ್ತಿರಲಿಲ್ಲ. ಜಲ್ಲಿ ತುಂಬಿದ ಟಿಪ್ಪರ್ ಲಾರಿ ನಾಲ್ಕು ಮಾರು ದೂರದಲ್ಲಿ ಬ್ರೇಕು ಹಾಕಿ ನಿಂತಿತ್ತು. ಅದರ ಹಿಂದೆ ಇನ್ನೆರಡು. ಅತ್ತೆ ಎರಡೂ ಕೈಯನ್ನು ಕಡ್ಡಿಯ ಹೊಟ್ಟೆಯಡಿಗೆ ತೂರಿಸಿ ಎಳೆಯುತ್ತಿದ್ದರು. ಒಂದು ಗೇಣು ಮೇಲೆದ್ದು ಮತ್ತೆ ಕೆಳಗೆ. ದಾಸವಾಳದ ಬುಟ್ಟಿ ಚರಂಡಿಯ ಪಕ್ಕ ಬಿದ್ದಿತ್ತು.

"ಏಳೋ, ಏಳೋ ನನ್ನಪ್ಪಾ" ಎನ್ನುತ್ತಿದ್ದರು. ಅವರು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಲಾರಿಯ ಡ್ರೈವರ್ ಇಳಿದು ಬಂದ. ಮೂವರೂ ಸೇರಿ ಒಂದು ಗೋಣಿಚೀಲದ ಮೇಲೆ ಕಡ್ಡಿಯನ್ನು ಎಳೆದುಕೊಂಡು ಗೇಟಿನೊಳಗೆ ತಂದೆವು. "ಏನ್ ಗುರು ಇದು, ಜಲ್ಲಿ ಮೂಟೆ ಎತ್ತಿದಂಗಾಯ್ತು" ಎಂದು ಡ್ರೈವರ್ ಸೊಂಟ ಹಿಡಿದುಕೊಂಡ. "ಅಜ್ಜಿ, ನಂದು ಇವತ್ತು ಬ್ರೇಕ್ ಚೆನ್ನಾಗಿತ್ತು ಅಷ್ಟೆ." ಅತ್ತೆ ಅವನಿಗೆ ಕೈಮುಗಿದರು.

ಎರಡನೆಯ ಕಾಲಿನ ನರ ಹರಿದಿಲ್ಲ, ಉಳುಕಿದೆ ಎಂದು ಡಾಕ್ಟರು ಹೇಳಿದರು. ಮತ್ತೊಮ್ಮೆ ಹೀಗಾದರೆ ಆಪರೇಷನ್ನು, ಈ ತೂಕದಲ್ಲಿ ಆಪರೇಷನ್ನಿನ ಮೇಲೂ ಭರವಸೆಯಿಲ್ಲ ಎಂದರು. ಅತ್ತೆ ಕೇಳಿಸಿಕೊಂಡರು. ಸಂಜೆ ಜಗಲಿಯ ಮೇಲೆ, ಚಾಪೆಯಲ್ಲಿ ಮಲಗಿದ್ದ ಕಡ್ಡಿಯ ಪಕ್ಕ ಕುಳಿತಿದ್ದರು. ನಾನು ಕಾಫಿ ಕೊಡಲು ಹೋದಾಗ ಲೋಟ ತೆಗೆದುಕೊಳ್ಳಲಿಲ್ಲ.

"ನಂಗೆ ಎತ್ತಕ್ಕಾಗ್ಲಿಲ್ಲ ಕಣಮ್ಮಿ" ಅಂದರು. "ಹುಲ್ಲು ಹೊರೆ ಹೊತ್ತೀನಿ. ಗಿರೀನ ಸೊಂಟದ ಮ್ಯಾಗೆ ಕೂರುಸ್ಕಂಡು ನಾಟಿ ಮಾಡೀನಿ. ಲಾರಿ ಬತ್ತಾ ಐತೆ, ನನ್ ನಾಯೀನ ನಂಗೆ ಎತ್ತಕ್ಕಾಗ್ಲಿಲ್ಲ."

ನಾನು ಪಕ್ಕದಲ್ಲಿ ಕುಳಿತೆ.

"ಧನಾ, ಮೂವತ್ತೊಂದಕ್ಕೆ ತೂಗ್ಸುದ್ರೆ ಅವಪ್ಪ ಮೂವತ್ತೊಂದಕ್ಕೇ ನಿಲ್ಲುಸ್ಬುಡ್ತಾನೆ. ಆಮ್ಯಾಕೆ ಸಾಯೋಗಂಟ ಇದು ಏಳಂಗಿಲ್ಲ, ನಾನು ಎತ್ತಂಗಿಲ್ಲ."

"ಹೂಂ ಅತ್ತೆ" ಅಂದೆ. ದೇವರ ಲೆಕ್ಕಾಚಾರದಲ್ಲಿ ನನಗೆ ಮೊದಲ ಸಲ ನಂಬಿಕೆ ಬಂದಿತ್ತು.

"ನಂಗೆ ಎತ್ತಕ್ಕಾಗೋ ಅಷ್ಟಕ್ಕೆ ನಿಲ್ಬೇಕು. ಎಷ್ಟಕ್ಕೆ ತೂಗ್ಸದು?"

"ಡಾಕ್ಟ್ರು ಇಪ್ಪತ್ತು ಅಂದ್ರಲ್ಲ."

ಅತ್ತೆ ಬೇರೆಯವರ ಬಾಯಿಮಾತು ನಂಬುವವರಲ್ಲ. ಎದ್ದು ಒಳಗೆ ಹೋಗಿ ಇಪ್ಪತ್ತೈದು ಕೆಜಿಯ ಅಕ್ಕಿ ಮೂಟೆಯ ಎರಡು ಕಿವಿ ಹಿಡಿದರು. "ಅಮ್ಮ, ಸೊಂಟ!" ಎಂದು ಇವರು ಓಡಿದರು. ಮಾವ ಬೇಡವೇ ಬೇಡ ಎಂದು ಕೈಯಾಡಿಸಿದರು. ಮೂಟೆ ಮೊಣಕಾಲಿನ ತನಕ ಬಂದು ನಿಂತಿತು. ಐದು ಸೇರು ಅಕ್ಕಿ ತೆಗೆಸಿ ಮತ್ತೆ ಹಿಡಿದರು. ಈ ಸಲ ಮೂಟೆ ಸೊಂಟಕ್ಕೆ ಏರಿತು. ಅದನ್ನು ಹೊತ್ತುಕೊಂಡೇ ಹಜಾರದಲ್ಲಿ ಒಂದು ಸುತ್ತು ಹಾಕಿ ಇಳಿಸಿ, "ಸರಿ, ಇಷ್ಟೇ" ಅಂದರು.

"ದೇವರ ಪಾಲು?" ಎಂದು ಮಾವ ಕೆಣಕಿದರು.

"ಅವಪ್ಪ ಮೂವತ್ತೊಂದು ಕಂಡವ್ನೆ. ಬೆಲ್ಲ ಮೂವತ್ತೊಂದೇ. ಇಳಿಸೋದು ನಾಯೀನ, ಮಾತನ್ನಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ಡಾಕ್ಟರಿಗಿಂತ ದೊಡ್ಡ ಡಾಕ್ಟರು ಹುಟ್ಟಿಕೊಂಡರು. ಸ್ಟೀಲ್ ಲೋಟ ನನ್ನ ಕೈಯಿಂದ ಅತ್ತೆಯ ಕೈಗೆ ಹೋಯಿತು. ನಾನು ಲೋಟವನ್ನು ಕಂಠ ಮಟ್ಟ ತುಂಬುತ್ತಿದ್ದೆ, ಅವರು ಅಂಗೈಯಿಂದ ಸವರಿ ಮಟ್ಟ ಮಾಡತೊಡಗಿದರು. ಮಾವ ಅಭ್ಯಾಸಬಲದಿಂದ ರಸ್ಕು ಮುರಿದು ಕೆಳಗೆ ಹಿಡಿದಾಗ ಬಿದ್ದ ಏಟಿನ ಸದ್ದು ಮೇಲಿನ ಬಾಡಿಗೆ ಮನೆಯವರಿಗೂ ಕೇಳಿಸಿತು. ಕಡ್ಡಿ ನೋಡುತ್ತಾ ಕುಳಿತರೆ ಅತ್ತೆ ಅವನಿಗೆ ಬೆನ್ನು ಮಾಡಿ ಗೋಡೆ ನೋಡಿಕೊಂಡು ಉಣ್ಣುತ್ತಿದ್ದರು. ಒಮ್ಮೊಮ್ಮೆ ಆ ಬೆನ್ನು ಅಲುಗುತ್ತಿತ್ತು. ಅವರಿಗೆ ಅದು ಸುಲಭವಾಗಿರಲಿಲ್ಲ. ಉಣ್ಣಿಸುವುದು ಬಿಟ್ಟು ಬೇರೆ ಯಾವ ಮುದ್ದನ್ನೂ ಅವರು ಕಲಿತಿರಲಿಲ್ಲ. ಕೈ ಸುಮ್ಮನಿರಲಾರದೆ ದಿನಾ ಸಂಜೆ ಅವನ ಕಾಲು ನೀವಲು ಕುಳಿತರು. ಆಮೇಲೆ ಕಡ್ಡಿ ತಟ್ಟೆಯ ಸದ್ದಿಗೆ ಓಡಿ ಬರುವ ಬದಲು ಅತ್ತೆ ಚಾಪೆ ಹಾಸುವ ಸದ್ದಿಗೆ ಓಡಿ ಬರತೊಡಗಿದ.

ಮೊದಲ ತಿಂಗಳು ಒಂದೇ ಒಂದು ಕೆಜಿ ಇಳಿಯಿತು. "ನಿಮ್ ತಕ್ಕಡಿ ಸರಿಗಿಲ್ಲ" ಎಂದು ಅತ್ತೆ ಕ್ಲಿನಿಕ್ಕಿನಲ್ಲಿ ಗಲಾಟೆ ಮಾಡಿದರು. "ಅಮ್ಮ, ಬೇಗ ಇಳಿಸಿದ್ರೆ ಅದೂ ತೊಂದ್ರೆನೇ. ಹೀಗೇ ಹೋಗಿ" ಎಂದು ಡಾಕ್ಟರು ನಕ್ಕರು. ಕಾಲು ತುಸು ಗಟ್ಟಿಯಾದ ಮೇಲೆ ನಡಿಗೆ ಶುರುವಾಯಿತು, ಗೇಟಿನ ತನಕ, ಆಮೇಲೆ ಬೀದಿಯ ಕೊನೆಯ ತನಕ. ದೀಪಾವಳಿಗೆ ಬಂದ ನೆಂಟರೊಬ್ಬರು "ಏನ್ ಗೌರಕ್ಕ, ನಾಯಿ ಬಡವಾಗೋಗೈತೆ, ಊಟ ಆಕಲ್ವಾ?" ಅಂದರು. ಅತ್ತೆ ಆ ಹೆಂಗಸಿನ ಕೈ ಹಿಡಿದೆಳೆದು ಕಡ್ಡಿಯ ಪಕ್ಕೆಯ ಮೇಲೆ ಒತ್ತಿದರು. "ಸಿಗ್ತದಾ ಮೂಳೆ? ಕಾಣ್ತದಾ? ಸಿಗ್ಬೇಕು, ಕಾಣ್ಬಾರ್ದು. ಗೊತ್ತಿಲ್ದಿದ್ರೆ ಕಲ್ತ್ಕೋ" ಅಂದರು. ಪಾಪ, ಆಕೆ ಒಬ್ಬಟ್ಟು ಪೂರ್ತಿ ತಿನ್ನದೆ ಎದ್ದು ಹೋದರು.

ಮಾಘದಲ್ಲಿ ಗುಡಿ ಸುಣ್ಣಬಣ್ಣ ಕಂಡು, ಭೈರವೇಶ್ವರ ಶೆಡ್ಡು ಖಾಲಿ ಮಾಡಿ ಸ್ವಂತ ಮನೆಗೆ ಬಂದ. ಮಾರನೆಯ ಬೆಳಿಗ್ಗೆಯೇ ನಮ್ಮ ತುಲಾಭಾರ. ಯಶವಂತಪುರದ ಮಂಡಿಯಿಂದ ಇವರು ಬೆಲ್ಲ ತಂದಿದ್ದರು. ಮಂಟಪದ ತೊಲೆಗೆ ಎರಡು ಮರದ ಹಲಗೆಗಳ ದೊಡ್ಡ ತಕ್ಕಡಿ ತೂಗುಬಿದ್ದಿತ್ತು. ಬ್ಯಾಟರಾಯಪ್ಪ ಕಡ್ಡಿಯ ಹಣೆಗೆ ಕುಂಕುಮವಿಟ್ಟು, "ಗೌರಕ್ಕ, ಗಿರಿ ಎತ್ತಿ ಕೂರುಸ್ಲಿ" ಅಂದರು.

"ಯಾಕೆ? ನಂಗೇನಾಗೈತೆ?" ಅಂದರು ಅತ್ತೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದರು. ನಾವು ಮೂವರೂ ಅವರ ಹಿಂದೆ ಕೈ ಚಾಚಿ ನಿಂತೆವು. ಬೇಕಾಗಲಿಲ್ಲ. ಕಡ್ಡಿ ಅವರ ಎದೆಗೆ ಬಂದ, ಅವರ ಕಿವಿಯನ್ನು ಒಮ್ಮೆ ನೆಕ್ಕಿದ, ಹಲಗೆಯ ಮೇಲೆ ಕುಳಿತ.

ಅತ್ತೆ ಇನ್ನೊಂದು ಹಲಗೆಗೆ ಬೆಲ್ಲದ ಅಚ್ಚುಗಳನ್ನು ಇಡತೊಡಗಿದರು. ಇಪ್ಪತ್ತರ ಆಚೀಚೆಗೆ ತಕ್ಕಡಿ ಸಮವಾಯಿತು. "ಸಾಕು ಗೌರಕ್ಕ, ತೀರ್ತು" ಅಂದರು ಬ್ಯಾಟರಾಯಪ್ಪ.

"ತೀರಿಲ್ಲ. ಅವಪ್ಪುಂದು ಇನ್ನೂ ಐತೆ."

ಅಚ್ಚು ಇಡುತ್ತಲೇ ಹೋದರು. ಬೆಲ್ಲ ಕೆಳಗಿಳಿಯಿತು, ಕಡ್ಡಿ ಮೇಲೇರಿದ. ಸೊಂಟದ ಎತ್ತರ, ಎದೆಯ ಎತ್ತರ. ಮೊದಲು ಆಶ್ಚರ್ಯದಿಂದ ನಮ್ಮನ್ನು ನೋಡಿದ, ಆಮೇಲೆ ಊರನ್ನೇ ನೋಡಿದ. ಅಷ್ಟರಲ್ಲಿ ಹೊಸ ಗೋಪುರದಿಂದ ಒಂದು ಅಳಿಲು ಇಳಿದು ಮಂಟಪದಲ್ಲಿ ಹರಿದುಹೋಯಿತು.

"ರೀ, ಹಿಡ್ಕೊಳ್ರೀ!" ಎಂದು ಕಿರುಚಿದೆ. ತಡವಾಗಿತ್ತು. ಕಡ್ಡಿ ಅಷ್ಟೆತ್ತರದಿಂದ ಜಿಗಿದ. ಬೆಲ್ಲದ ಹಲಗೆ ದೊಪ್ಪೆಂದು ನೆಲಕ್ಕೆ ಬಡಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಆ ಕಾಲು, ಆ ಮಂಡಿ, ಏಳು ತಿಂಗಳ ಹುರುಳಿಕಾಯಿ, ಎಲ್ಲ ಹೋಯಿತು ಅಂದುಕೊಂಡೆ.

ಕುಂಯ್ ಎಂಬ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಕಡ್ಡಿ ಅಳಿಲಿನ ಹಿಂದೆ ಗುಡಿಯನ್ನು ಬಲಕ್ಕೆ ಸುತ್ತುತ್ತಿದ್ದ, ನಾಲ್ಕು ಕಾಲೂ ನೆಲಕ್ಕೆ ಬಡಿಯುತ್ತಾ, ಬಾಲ ಬಾವುಟದಂತೆ. ನೆರೆದವರೆಲ್ಲ "ಪ್ರದಕ್ಷಿಣೆ ಆಕ್ತಾ ಐತೆ ನೋಡ್ರಪ್ಪಾ" ಎಂದು ಕೈಮುಗಿದರು. ಅಳಿಲು ಮರ ಹತ್ತಿದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ಅತ್ತೆ ಮಾತ್ರ ಕೈಮುಗಿಯಲಿಲ್ಲ. ಮಂಟಪದ ಮೆಟ್ಟಿಲ ಮೇಲೆ ಕುಳಿತು, ಕಣ್ಣೀರು ಒರೆಸಿಕೊಳ್ಳುವ ಗೊಡವೆಗೂ ಹೋಗದೆ, ಅವನು ಓಡುವುದನ್ನೇ ನೋಡುತ್ತಿದ್ದರು. ಕಡ್ಡಿ ಸುತ್ತು ಮುಗಿಸಿ ಏದುಸಿರು ಬಿಡುತ್ತಾ ಅವರ ಮುಂದೆ ಬಂದು ನಿಂತ. ಅವರು ಬಗ್ಗಿ ಅವನನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದರು. ಕಡ್ಡಿ ಇಳಿಯಲು ಕೊಸರಾಡುತ್ತಿದ್ದ.

"ಅತ್ತೆ, ಇಳಿಸಿ. ಅವನು ನಡೀತಾನೆ."

"ನಡೀತಾನೆ, ಗೊತ್ತು" ಅಂದರು ಅತ್ತೆ. "ನಂಗೆ ಎತ್ತಕ್ಕಾಯ್ತದಲ್ಲ, ಅದ್ಕೇ ಎತ್ಕಂಡೀವ್ನಿ."